ಕೋಸ್ಟರಿಕಾದಲ್ಲಿ ಶೀತಲ್ ಹೊಳೆಗಿಳಿದದ್ದು

ಅಮೆರಿಕದ ಪೋರ್ಟರ್ ರ್ಯಾಂಚ್‌ನ ಶೀತಲ್‌ಗೆ ಸಿಟ್ಟೇ ಬರುವುದಿಲ್ಲ ಎಂದು ಅವಳ ಗಂಡ ಓಂಪ್ರಕಾಶ್ ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದ. ಹೆಂಡತಿಯ ಮುಖವನ್ನು ಸರಿಯಾಗಿ ನೋಡದ ಗಂಡಸರೆಲ್ಲ ಹೀಗೇ ಹೇಳುತ್ತಾರೆ. ಬೆಳಗಾಗೆದ್ದು ಮಕ್ಕಳ ಡಬ್ಬಿ ಕಟ್ಟಿ, ಸ್ಯಾನ್ ಪೀಡ್ರೊ ಬಂದರಿನ ತನಕ ಡ್ರೈವ್ ಮಾಡಿ, ಯಾವ ಹಡಗಿನ ಕಂಟೇನರ್ ಯಾವ ಲಾರಿಗೆ ಹೋಗಬೇಕೆಂದು ದಿನವಿಡೀ ತಲೆ ಓಡಿಸಿ, ಸಂಜೆ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದು ಮತ್ತೆ ಒಲೆ ಹಚ್ಚುವವಳಿಗೆ ಸಿಟ್ಟು ಬರುವುದಿಲ್ಲವಂತೆ. ಬರುತ್ತಿತ್ತು. ನುಂಗುತ್ತಿದ್ದಳು, ಅಷ್ಟೆ.

2006ರ ಡಿಸೆಂಬರ್ ರಜೆಗೆ ಕೋಸ್ಟರಿಕಾಕ್ಕೆ ಹೋಗೋಣ ಎಂದವಳು ಅವಳೇ. ಆಫೀಸಿನಲ್ಲಿ ಪಕ್ಕದ ಮೇಜಿನವಳು ತೋರಿಸಿದ ಫೋಟೋದಲ್ಲಿ ಒಂದು ಹೊಳೆಯಿತ್ತು. ಎರಡೂ ಕಡೆ ಕಾಡು, ನಡುವೆ ನೊರೆಯೆದ್ದ ನೀರು, ನೀರಿನ ಮೇಲೆ ರಬ್ಬರ್ ದೋಣಿ. ಶೀತಲ್ ಘಟಪ್ರಭೆಯ ದಂಡೆಯವಳು. ಅಣ್ಣಂದಿರ ಬೆನ್ನು ಹತ್ತಿ ಈಜು ಕಲಿತವಳು, ಮದುವೆಯಾಗುವ ತನಕ ಹೊಳೆ ಬಿಟ್ಟವಳಲ್ಲ. ಅಮೆರಿಕಕ್ಕೆ ಬಂದ ಮೇಲೆ ಅವಳ ಪಾಲಿಗೆ ನೀರೆಂದರೆ ಸಿಂಕಿನ ನಲ್ಲಿಯ ನೀರು. ಆ ಹೊಳೆಗೆ ಒಮ್ಮೆ ಇಳಿದರೆ ಸಾಕು, ಇನ್ನೇನೂ ಬೇಡ ಎಂದುಕೊಂಡಿದ್ದಳು.

ಓಂಪ್ರಕಾಶ್ ಒಪ್ಪಿದ. ಒಪ್ಪಿದವನು ಅವಳನ್ನೊಂದು ಮಾತು ಕೇಳದೆ ಕಾರ್ಲ್ಸ್‌ಬಾಡ್‌ನ ಗೆಳೆಯ ರಾಘವ್‌ನನ್ನೂ ಅವನ ಹೆಂಡತಿ ಚೈತನ್ಯಾಳನ್ನೂ ಬರಹೇಳಿಬಿಟ್ಟ. ಆಮೇಲೆ ಊಟದ ಮಾತು ಬಂತು. ಆ ದೇಶದಲ್ಲಿ ಏನು ತಿನ್ನಿಸುತ್ತಾರೋ, ಯಾವುದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೋ ಎಂದು ತಕರಾರು ತೆಗೆದ. ಆಫೀಸಿನ ಪಿಜ್ಜಾದ ಮೇಲಿನ ಮಾಂಸದ ಬಿಲ್ಲೆ ಎತ್ತಿಟ್ಟು ಉಳಿದದ್ದನ್ನು ತಿನ್ನುವ ಮನುಷ್ಯನಿಗೆ ವಿಮಾನ ಹತ್ತುವಾಗ ಆಚಾರ ನೆನಪಾಯಿತು.

ಶೀತಲ್ ಜಾಣೆ. ಜೋಳದ ರೊಟ್ಟಿ ಬಡಿದು ಕಡಕ್ ಆಗುವ ಹಾಗೆ ಒಣಗಿಸಿದಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿಗೆ ತುಂಬಿದಳು. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಒಲೆಯ ಹಂಗಿಲ್ಲ. ನಮ್ಮ ಕಡೆಯವರು ದಾರಿಯ ಬುತ್ತಿ ಕಟ್ಟುವುದೇ ಹಾಗೆ. ಪ್ರವಾಸವೆಲ್ಲ ಅದರಲ್ಲೇ ಕಳೆಯಬಹುದೆಂದು ಅವಳ ಎಣಿಕೆ. ರಾಘವ್ ಅನ್ನ ಉಣ್ಣುವವನು, ಇರಲಿ ಎಂದು ಓಂಪ್ರಕಾಶ್ ರೈಸ್ ಕುಕ್ಕರನ್ನೂ ಒಂದು ಸಣ್ಣ ಕರೆಂಟಿನ ಒಲೆಯನ್ನೂ ಸೂಟ್‌ಕೇಸಿಗೆ ತುರುಕಿದ. ಇಳಿದ ಮೊದಲ ಸಂಜೆಯೇ ಇಬ್ಬರೂ ಗಂಡಸರು ಲಾಡ್ಜಿನ ಜಗಲಿಯಲ್ಲಿ ಬಿಯರ್ ಹಿಡಿದು ಕೂತು, ಅಷ್ಟೂ ರೊಟ್ಟಿಯನ್ನು ಚಿಪ್ಸಿನ ಹಾಗೆ ಕಟಕಟ ಮುರಿದು ಮುಗಿಸಿಬಿಟ್ಟರು. ಅದು ಹೊಟ್ಟೆಯೋ ಹಗೇವೋ!

ಮರುದಿನದಿಂದ ಕುಕ್ಕರ್ ಅವಳ ಕೊರಳಿಗೆ ಬಿತ್ತು. ಮೊಂಟೆವರ್ಡೆಯ ಕಾಡಿನಲ್ಲಿ ಉಳಿದವರೆಲ್ಲ ಮರದಿಂದ ಮರಕ್ಕೆ ಬಿಗಿದ ತಂತಿಗೆ ಜೋತು ಹಾರುತ್ತಿದ್ದರೆ ಶೀತಲ್ ಕೋಣೆಯಲ್ಲಿ ಬೇಳೆ ಬೇಯಿಸುತ್ತಿದ್ದಳು, ಒಗ್ಗರಣೆಯ ಹೊಗೆಗೆ ಅಲಾರ್ಮ್ ಕೂಗದಿರಲೆಂದು ಕಿಟಕಿ ತೆರೆದಿಟ್ಟುಕೊಂಡು. ಅರೆನಾಲ್‌ನಲ್ಲಿ ಅವರು ಬೆಂಕಿ ಬೆಟ್ಟ ನೋಡಲು ಹೋದಾಗ ಇವಳು ಸಂತೆಯಲ್ಲಿ ಹಸಿಮೆಣಸಿನಕಾಯಿ ಹುಡುಕುತ್ತಿದ್ದಳು. ಬಂದವರು ಕೈ ತೊಳೆದು ತಟ್ಟೆಯ ಮುಂದೆ ಕೂರುವರು. ಅಕ್ಕನ ಕೈರುಚಿ ಯಾರಿಗೂ ಬರಲ್ಲ ಎಂದು ಚೈತನ್ಯಾ ಹೊಗಳಿ ಅಟ್ಟಕ್ಕೇರಿಸುವಳು; ತಟ್ಟೆ ತೊಳೆಯಲು ಮಾತ್ರ ಏಳಳು.

ಇದರಲ್ಲಿ ನಗುವಂಥದ್ದೂ ಒಂದಿತ್ತು. ಲಾಡ್ಜಿನ ಹೆಂಗಸು ದಿನಾ ಬೆಳಗ್ಗೆ ಅನ್ನಕ್ಕೆ ಕಪ್ಪು ಕಾಳು ಹಾಕಿ ಹುರಿದು ಎಲ್ಲರಿಗೂ ಬಡಿಸುತ್ತಿದ್ದಳು. ಶೀತಲ್ ಅವಳ ಅಡುಗೆಮನೆಗೇ ಹೋಗಿ, ಕೈಸನ್ನೆ ಮಾಡಿ, ಸೋಯಾ ಎಣ್ಣೆಯ ಬಾಟಲಿ ಕಣ್ಣಾರೆ ನೋಡಿ ಬಂದು, ಹಂದಿಯ ಕೊಬ್ಬು ಹಾಕಿಲ್ಲ ಎಂದು ಹೇಳಿದಳು. ಓಂಪ್ರಕಾಶ್ ನಂಬಲಿಲ್ಲ. ಅನ್ನ, ಕಾಳು ಉಣ್ಣುವ ದೇಶಕ್ಕೆ ಹೋಗಿ, ಅನ್ನ, ಬೇಳೆ ಬೇಯಿಸಲೆಂದು ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕಿದ ಮಹಾರಾಯ ಅವನು.

ಕೊನೆಗೆ ಹೊಳೆಯ ದಿನ ಬಂತು. ದೋಣಿಗೆ ಆರು ಜನ; ದೊಡ್ಡವರು ನಾಲ್ವರು, ಮಗ ಶರಣು, ಮಗಳು ಶ್ರೇಯಾ ಸೇರಿ ಇವರೂ ಆರೇ ಜನ. ಶೀತಲ್ ಎಲ್ಲರಿಗಿಂತ ಮೊದಲು ಪ್ಯಾಂಟು ಹಾಕಿ ಜಡೆ ಬಿಗಿದು ನಿಂತಿದ್ದಳು. ಓಂಪ್ರಕಾಶ್ ಅವಳನ್ನು ನೋಡಿ ನಿಜವಾಗಿಯೂ ಆಶ್ಚರ್ಯಪಟ್ಟ.

"ನೀ ಯಾಕ ಬರ್ತಿ ಶೀತಲ್? ಬಂದ ಮ್ಯಾಲೆ ಎಲ್ಲಾರೂ ಹಸದಿರ್ತೀವಿ. ಬಿಸಿ ಅನ್ನ, ಸಾರು ಮಾಡಿಟ್ರ ಚೊಲೋ ಆಗ್ತದ."

ದಂಡೆಯ ತನಕ ಬಂದು ನೋಡಿ ಅದೇ ವ್ಯಾನಿನಲ್ಲಿ ವಾಪಸು ಹೋಗುತ್ತೇನೆ ಎಂದಳು. ದಂಡೆಯಲ್ಲಿ ಗೈಡ್ ಒಬ್ಬೊಬ್ಬರಿಗೂ ತೇಲುವ ಜಾಕೆಟ್ ಕೊಡುತ್ತ ಬಂದು, ಒಂದು ಉಳಿದದ್ದನ್ನು ಕಂಡು, ಅಮ್ಮ ಬರುವುದಿಲ್ಲವೇ ಎಂದು ಕೇಳಿದ. ಹನ್ನೊಂದು ವರ್ಷದ ಶ್ರೇಯಾ ಇಂಗ್ಲಿಷಿನಲ್ಲಿ ಸಲೀಸಾಗಿ ಉತ್ತರ ಕೊಟ್ಟಳು: ಅಮ್ಮನಿಗೆ ಇಂಥದ್ದೆಲ್ಲ ಇಷ್ಟ ಇಲ್ಲ, ಅವಳಿಗೆ ಅಡುಗೆ ಮಾಡೋದು ಇಷ್ಟ.

ಶೀತಲ್‌ಗೆ ಮೈಯೆಲ್ಲ ಉರಿದುಹೋಯಿತು. ಗಂಡ ಅಂದಿದ್ದರೆ ಇದನ್ನೂ ನುಂಗುತ್ತಿದ್ದಳೋ ಏನೋ. ಮಗಳು ಚುಚ್ಚಿ ಆಡಿದ್ದಲ್ಲ, ಕಂಡದ್ದನ್ನು ಹೇಳಿದ್ದಳು. ಹುಟ್ಟಿದಾಗಿನಿಂದ ಅವಳು ಕಂಡದ್ದು ಅಷ್ಟೇ. ಶೀತಲ್ ಗೈಡ್‌ನ ಕೈಯಿಂದ ಜಾಕೆಟ್ ಕಿತ್ತುಕೊಂಡು ತೊಟ್ಟು, ದೋಣಿಯ ಮುಂತುದಿಗೆ ಹೋಗಿ ಕೂತಳು. ಅಡುಗೆಯ ಗತಿ ಏನೆಂದು ಓಂಪ್ರಕಾಶ್ ಕೇಳಿದ. ಅವಳು ಹುಟ್ಟು ಕೈಗೆತ್ತಿಕೊಂಡಳು.

ಅವತ್ತು ಅವಳ ಸಿಟ್ಟೆಲ್ಲ ಹುಟ್ಟು ಹಾಕುವ ಕೈಗೆ ಇಳಿಯಿತು. ಕಲ್ಲುಗಳ ನಡುವೆ ದೋಣಿ ಎದ್ದೆದ್ದು ಬೀಳುವಾಗ ಓಂಪ್ರಕಾಶ್ ಹಗ್ಗ ಹಿಡಿದು ಕಣ್ಣು ಮುಚ್ಚಿದ್ದ. ಅವಳು ಮಾತ್ರ ಹುಟ್ಟು ಬಿಡಲಿಲ್ಲ. ನೀರು ತಿಳಿಯಾದ ಕಡೆ, ಬೇಕಾದವರು ಧುಮುಕಿ ಎಂದು ಗೈಡ್ ಹೇಳಿದ್ದೇ ತಡ, ಧುಮುಕಿದಳು. ಅಂಗಾತ ತೇಲುತ್ತ ಆಕಾಶ ನೋಡಿದಾಗ ಅಳು ಬಂತು. ಸಂತೋಷಕ್ಕಲ್ಲ. ಇಷ್ಟು ವರ್ಷ ಇದನ್ನು ಯಾರ ಹೊಟ್ಟೆಗಾಗಿ ಬಿಟ್ಟುಕೊಟ್ಟೆ ಎಂಬ ಸಂಕಟಕ್ಕೆ. ಶ್ರೇಯಾ ದೋಣಿಯಿಂದ ಬಗ್ಗಿ, ಇದನ್ನೆಲ್ಲ ಯಾವಾಗ ಕಲಿತೆ ಎಂದು ಕೇಳಿದಳು. ನೀನು ಹುಟ್ಟುವ ಮೊದಲು ಎಂದಳು ಶೀತಲ್. ಮಧ್ಯಾಹ್ನ ದಂಡೆಯಲ್ಲಿ ಅನ್ನ, ಕಾಳು ಬಡಿಸಿದರು. ಅವಳು ಎರಡೆರಡು ಸಲ ಹಾಕಿಸಿಕೊಂಡು ಉಂಡಳು. ಗಂಡಸರು ಅನಾನಸ್ ಚೂರು ಅಗಿಯುತ್ತ ಮುಖ ಊದಿಸಿಕೊಂಡಿದ್ದರು.

ಸಂಜೆ ಎಲ್ಲರೂ ಲಾಡ್ಜಿನ ಕೋಣೆಗೆ ಬಂದು ಬಿದ್ದರು. ಶೀತಲ್ ಕೂದಲು ಬಿಚ್ಚಿ ಮಂಚದ ಮೇಲೆ ಕೂತಳು. ಓಂಪ್ರಕಾಶ್ ಅವಳ ಕಡೆ ನೋಡಿದ, ಹೇಳುವ ಧೈರ್ಯ ಸಾಲಲಿಲ್ಲ. ಹೆಗಲು ಕೆರೆದುಕೊಂಡು ಮಗಳ ಕಡೆ ತಿರುಗಿದ.

"ಶ್ರೇಯಾ, ಏಳವ್ವಾ, ಕುಕ್ಕರಿಗೆ ಒಂದಿಷ್ಟು ಅಕ್ಕಿ ಹಾಕು."

ಕುಕ್ಕರ್ ಇದ್ದದ್ದು ಶರಣುವಿನ ಕಾಲಬುಡದಲ್ಲಿ. ಅವನು ತಂಗಿಗಿಂತ ನಾಲ್ಕು ವರ್ಷ ದೊಡ್ಡವನು, ವಿಡಿಯೋ ಗೇಮ್ ಹಿಡಿದು ಕಾಲು ಚಾಚಿ ಕೂತಿದ್ದ. ಅವನಿಗೆ ಯಾರೂ ಹೇಳಲಿಲ್ಲ. ಶ್ರೇಯಾ ಗೊಣಗಲೂ ಇಲ್ಲ. ಎದ್ದು, ಅಂಗೈಗಳನ್ನು ಚಡ್ಡಿಗೆ ಒರೆಸಿಕೊಂಡು ಹೊರಟೇಬಿಟ್ಟಳು. ದಿನಾ ಸಂಜೆ ಪೋರ್ಟರ್ ರ್ಯಾಂಚ್‌ನ ಮನೆಯಲ್ಲಿ ತಾನು ಏಳುವುದೂ ಹೀಗೇ ಎಂದು ಶೀತಲ್‌ಗೆ ಗೊತ್ತಿತ್ತು.

ಹಾದು ಹೋಗುತ್ತಿದ್ದ ಮಗಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಕುಂದ್ರು. ನಾ ಎದ್ದೆದ್ದು ಹೋದದ್ದಕ್ಕ ಇವತ್ತ ಅವ್ರು ನಿನ್ನ ಎಬ್ಬಿಸ್ಯಾರ."

ಇದೇನು ಹುಡುಗಾಟ, ಮಂದಿ ಹಸಿದು ಕೂತಿದ್ದಾರೆ ಎಂದು ಓಂಪ್ರಕಾಶ್ ದನಿ ಏರಿಸಿದ. ಹೊರಗೆ ಹೋಗಿ ಏನಾದರೂ ತಿಂದರಾಯಿತು ಎಂದು ರಾಘವ್ ಸಣ್ಣಗೆ ಹೇಳಿದ. ಶ್ರೇಯಾ ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ ಮಂಚದ ತುದಿಯಲ್ಲಿ ಕೂತಳು. ಕೂತರೂ ಅವಳ ಕೈ ಮಾತ್ರ ಕುಕ್ಕರಿನ ಕಡೆಗೇ ಜಗ್ಗುತ್ತಿತ್ತು. ಶೀತಲ್ ಹಿಡಿದ ಕೈ ಬಿಡಲಿಲ್ಲ.