ಇಪ್ಪತ್ತೇಳನೇ ಸೈಟಿನ ಅಮಾವಾಸ್ಯೆ ಗಿರಾಕಿ

ಬೇವು ಹೂ ಬಿಡುವ ದಿನಗಳಿವು. ಇವತ್ತು ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ನನ್ನ ಬಾಡಿಗೆ ಕೋಣೆಯ ಕಿಟಕಿ ತೆರೆದಾಗ, ಸಿಹಿಯೆನ್ನಲೂ ಆಗದ, ಕಹಿಯೆನ್ನಲೂ ಆಗದ ಆ ವಾಸನೆ ಒಳಗೆ ಬಂತು. ಬೇರೆಯವರಿಗೆ ಅದು ಯುಗಾದಿಯನ್ನು ನೆನಪಿಸುತ್ತದೆ. ನನಗೆ ನೆನಪಾಗುವುದು ಒಂದು ಫೋಟೋ. ಅದರಲ್ಲಿದ್ದ ಬೇವಿನ ಮರವನ್ನು ನಾನು ಹತ್ತಿರದಿಂದ ಕಂಡವಳಲ್ಲ. ಡ್ರೋನ್ ತೆಗೆದ ಚಿತ್ರದಲ್ಲಿ, ಮೇಲಿನಿಂದ, ಒಂದು ಹಸಿರು ಮುದ್ದೆಯಾಗಿ ನೋಡಿದ್ದೆ, ಅಷ್ಟೇ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಹರಪನಹಳ್ಳಿಯಲ್ಲಿ, ಸೈಟು ಮಾರುವವರೊಬ್ಬರ ಆಫೀಸಿಗೆ. ಕೆಳಗೆ ಮೆಕ್ಕೆಜೋಳದ ಅಂಗಡಿ, ಮೇಲೆ ನಾವು. ಜೋಳದ ಧೂಳು ಮೆಟ್ಟಿಲು ಹತ್ತಿ ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಊರ ಹೊರಗಿನ ಒಂದು ಹೊಲವನ್ನು ಯಜಮಾನರು ಲೇಔಟ್ ಮಾಡಿದ್ದರು. ಅದಕ್ಕೊಂದು ವೆಬ್‌ಸೈಟ್. ಅದನ್ನು ತೆರೆದವರಲ್ಲಿ ಯಾರು ನಿಜವಾಗಿ ಕೊಳ್ಳುವವರು, ಯಾರು ಸುಮ್ಮನೆ ನೋಡಿ ಹೋಗುವವರು ಎಂದು ಹೇಳುವುದು ನನ್ನ ಕೆಲಸ.

ಹೇಗೆ ಎಂದು ನೀವು ಕೇಳಬಹುದು. ನೀವು ಒಂದು ಪುಟ ತೆರೆದಾಗ ಅದೂ ನಿಮ್ಮನ್ನು ನೋಡುತ್ತಿರುತ್ತದೆ. ಯಾವ ಊರ ಕಡೆಯಿಂದ ಬಂದಿರಿ, ಯಾವ ಚಿತ್ರವನ್ನು ಹಿಗ್ಗಿಸಿದಿರಿ, ಎಷ್ಟು ನಿಮಿಷ ನಿಂತಿರಿ, ಎಲ್ಲ ಬರೆದುಕೊಳ್ಳುತ್ತದೆ. ದರ ನೋಡಿದವರಿಗೆ ಇಷ್ಟು ಅಂಕ, ಸಾಲದ ಪುಟ ತೆರೆದವರಿಗೆ ಇಷ್ಟು, ಮರಳಿ ಬಂದವರಿಗೆ ಇನ್ನಷ್ಟು. ಕೊನೆಗೆ ಬಿಸಿ, ಬೆಚ್ಚಗೆ, ತಣ್ಣಗೆ ಎಂದು ಮೂರು ಪಟ್ಟಿ. ಮನುಷ್ಯರ ಮುಖ ನೋಡಿ ಮಾತಾಡಲು ಹಿಂಜರಿಯುವ ನನಗೆ ಇದು ಹೇಳಿ ಮಾಡಿಸಿದ ಕೆಲಸ. ಎದುರಿಗೆ ಬಾರದವರ ಆಸೆಯನ್ನು ಅಳೆಯುತ್ತೇನೆ ಎಂಬ ಜಂಭವೂ ಸ್ವಲ್ಪ ಇತ್ತು. ಯಜಮಾನರು ಬಂದವರೇ "ಏನವಾ, ಇವತ್ತು ಬಿಸಿ ಎಷ್ಟು ಅದಾವು?" ಎಂದು ಇಡ್ಲಿ ಕೇಳುವಂತೆ ಕೇಳುತ್ತಿದ್ದರು.

ಹಡಗಲಿಯ ಶಾಂತಮ್ಮ ಎಂಬ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಸರಿಯಾಗಿ ಕೂರಲಿಲ್ಲ. ದೊಡ್ಡ ಫೋಟೋ ತೆರೆಯಬೇಕಾದರೆ ಹೆಸರು, ನಂಬರು ಕೊಡಬೇಕಿತ್ತು, ಕೊಟ್ಟಿದ್ದರು. ಆಮೇಲೆ ಎಷ್ಟು ಕರೆದರೂ ಎತ್ತಿರಲಿಲ್ಲ. ದರ ನೋಡುತ್ತಿರಲಿಲ್ಲ. ಲೇಔಟಿನ ಫೋಟೋ ತೆರೆದು, ಇಪ್ಪತ್ತೇಳನೇ ಸೈಟಿನ ಮೂಲೆಯನ್ನು ಹಿಗ್ಗಿಸಿ, ಹೆಚ್ಚುಕಡಿಮೆ ಹತ್ತೊಂಬತ್ತು ನಿಮಿಷ ಅಲ್ಲಿಯೇ ಇದ್ದು ಹೋಗುತ್ತಿದ್ದರು. ನಾಲ್ಕು ಸಲ ಬಂದ ಮೇಲೆ ನಾನು ದಿನಾಂಕಗಳನ್ನು ಸಾಲಾಗಿ ಬರೆದು ನೋಡಿದೆ. ವಾರಕ್ಕೂ ಹೊಂದಲಿಲ್ಲ, ತಿಂಗಳ ಸಂಬಳಕ್ಕೂ ಹೊಂದಲಿಲ್ಲ. ಕಡೆಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದೆ. ನಾಲ್ಕೂ ಅಮಾವಾಸ್ಯೆ. ನಾಲ್ಕು ಸಲವೂ ಹಗಲು ಹನ್ನೊಂದೂವರೆಗೆ; ಆ ಬಿಸಿಲಿನಲ್ಲೂ ನನಗೆ ಹೆದರಿಕೆಯಾಯಿತು.

ಯಜಮಾನರು ನಕ್ಕರು. "ದೆವ್ವ ಆದ್ರೂ ಸೈಟ್ ಬೇಕಂದ್ರ ಕೊಡೋಣು ಬಿಡವಾ. ಮುಂದಿನ ಅಮಾಸಿಗೆ ನೋಡಾಕ್ಹತ್ತಿದಾಗನ ಫೋನ್ ಹಚ್ಚು."

ಹಚ್ಚಿದೆ. ಆ ಸಲ ಎತ್ತಿದರು.

"ಅಕ್ಕಾರ, ನೀವು ಈಗ ಇಪ್ಪತ್ತೇಳನೇ ಸೈಟ್ ನೋಡಾಕ್ಹತ್ತೀರಲ್ಲ..."

"ನಿನಗ ಹ್ಯಾಂಗ್ ಗೊತ್ತು? ಎಲ್ಲಿಂದ ನೋಡತಿ ನೀನು?"

"ಆಫೀಸಿನಾಗ ಎಲ್ಲಾ ಕಾಣತೈತ್ರಿ."

ಇಷ್ಟು ದಿನ ನಾನು ಅವರಿಗೆ ಹೆದರಿದ್ದೆ. ಆ ಕ್ಷಣ ಅವರಿಗೆ ನಾನು ಏನಾಗಿ ಕೇಳಿಸಿರಬೇಕು ಎಂದು ಹೊಳೆಯಿತು. ಏನಾದರೂ ಹೇಳಬೇಕಲ್ಲ ಎಂದು, "ಆ ಸೈಟ್ ಇನ್ನೂ ಖಾಲಿ ಐತ್ರಿ," ಅಂದೆ.

"ಖಾಲಿ ಎಲ್ಲಿ ಐತಿ? ನಮ್ಮವ್ವ ಅದಾಳಲ್ಲ ಅಲ್ಲಿ."

"ಅಲ್ಲಿ ಯಾರೂ ಇಲ್ರಿ. ವಾಚ್‌ಮನ್ ಶೆಡ್ ಗೇಟಿನ ಹತ್ರ ಐತಿ."

"ಮೂಲ್ಯಾಗ, ಬೇವಿನ ಗಿಡದ ಬುಡಕ. ಮೂಡಲಕ್ಕ ಮುಖ ಮಾಡಿ ಕುಂತಾಳ."

ನಮ್ಮ ಕಡೆ ಲಿಂಗವಂತರು ಸತ್ತವರನ್ನು ಸುಡುವುದಿಲ್ಲ, ಕುಳ್ಳಿರಿಸಿ ಹೂಳುತ್ತಾರೆ. ಹೊಲ ಇದ್ದವರು ಹೊಲದಲ್ಲಿಯೇ. ಅದು ನನಗೆ ಗೊತ್ತಿಲ್ಲದ್ದಲ್ಲ. ನನ್ನ ಅಜ್ಜಿಯೂ ಹಾಗೆಯೇ ಕೂತಿದ್ದಾಳೆ. ಆದರೆ ಪರದೆಯ ಮೇಲಿನ ಇಪ್ಪತ್ತೇಳು ಎಂಬ ಅಂಕಿಯ ಕೆಳಗೆ ಒಬ್ಬಾಕೆ ಬೆನ್ನು ನೇರ ಮಾಡಿ ಕೂತಿರುವುದು ಹೊಳೆದಾಗ ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ಅಣ್ಣದೇರು ಹೊಲ ಮಾರಿದ್ರು. ನಾನೂ ಸಹಿ ಹಾಕೀನಿ, ಯಾರನ್ನ ಅಂದು ಏನು? ಮೊದ್ಲ ಪ್ರತಿ ಅಮಾಸಿಗೂ ಹೋಗಿ ಅವ್ವನ ಹತ್ರ ಕುಂತು ಬರತಿದ್ದೆ. ಈಗ ಅಲ್ಲಿಗೆ ಹೋದ್ರ ವಾಚ್‌ಮನ್ ಯಾವ ನಂಬರ್ ಸೈಟ್ ನೋಡ್ತೀರಿ ಅಂತಾನ. ಏನಂತ ಹೇಳಲಿ? ಫೋಟೋದಾಗ ಆದ್ರ ಯಾರೂ ಕೇಳಂಗಿಲ್ಲ ಅಂದ್ಕೊಂಡಿದ್ದೆ. ಈಗ ನೀ ಬಂದಿ." ಆಮೇಲೆ ಕೇಳಿದರು: "ಗಿಡ ಐತಿಲ್ಲವಾ ಇನ್ನೂ?"

ಫೋಟೋ ಹಳೆಯದು. ಹಿಂದಿನ ವಾರವಷ್ಟೇ ನಾನು ಲೇಔಟಿಗೆ ಹೋಗಿದ್ದೆ. ಜೆಸಿಬಿ ಎಲ್ಲವನ್ನೂ ಸಮ ಮಾಡಿತ್ತು. ಮರವೂ ಇರಲಿಲ್ಲ, ಸಮಾಧಿಯ ಕಲ್ಲೂ ಇರಲಿಲ್ಲ.

"ಐತ್ರಿ," ಅಂದೆ.

ಯಜಮಾನರಿಗೆ "ತಗೊಳಂಗಿಲ್ಲಂತ್ರಿ" ಎಂದಷ್ಟೇ ಹೇಳಿ ಶಾಂತಮ್ಮನನ್ನು ತಣ್ಣಗಿನ ಪಟ್ಟಿಗೆ ಹಾಕಿದೆ. ಕೊಳ್ಳುವವರಲ್ಲ ಎಂಬ ಆ ಲೆಕ್ಕ ಸರಿಯಾಗಿಯೇ ಇತ್ತು. ಅದು ಸರಿಯಾಗಿದ್ದದ್ದೇ ನನಗೆ ಅಸಹ್ಯವೆನಿಸಿತು.

ಆ ತಿಂಗಳಲ್ಲೇ ಕೊಟ್ಟೂರಿನಿಂದ ಸೈಟು ನೋಡಲು ಬಂದ ದಂಪತಿ, ಫೋಟೋದಲ್ಲಿದ್ದ ನೆರಳು ಎಲ್ಲಿ ಎಂದು ಕೇಳಿದರಂತೆ. ಯಜಮಾನರು ಸಿಟ್ಟಾಗಿ ಹೊಸ ಫೋಟೋಗಳನ್ನು ಕೊಟ್ಟರು. ಅವನ್ನು ಹಾಕಿದವಳು ನಾನೇ. ಕೆಂಪು ನೆಲ, ಸುಣ್ಣದ ಗೆರೆ, ಇಪ್ಪತ್ತೇಳು ಒಂದು ಖಾಲಿ ಚೌಕ.

ಮುಂದಿನ ಅಮಾವಾಸ್ಯೆ ಹನ್ನೊಂದೂವರೆಗೆ ಶಾಂತಮ್ಮ ಬಂದರು. ಕಂಡ ಕೂಡಲೇ ಮುಚ್ಚುತ್ತಾರೆ ಎಂದುಕೊಂಡಿದ್ದೆ. ಮುಚ್ಚಲಿಲ್ಲ. ಅದೇ ಮೂಲೆಯನ್ನು ಹಿಗ್ಗಿಸಿದರು. ಐದು ನಿಮಿಷ. ಹತ್ತು. ಏನೂ ಇಲ್ಲದ ಆ ನೆಲದ ಮುಂದೆ ನಿಮಿಷಗಳು ಏರುತ್ತಿದ್ದವು. ಹತ್ತೊಂಬತ್ತಕ್ಕೆ ಪುಟ ಮುಚ್ಚಿತು. ನನ್ನ ಸ್ವಂತ ಫೋನಿನಿಂದ ಕರೆದೆ.

"ಅಕ್ಕಾರ, ಅವತ್ತು ಗಿಡ ಇರಲಿಲ್ರಿ. ನಾ ಸುಳ್ಳು ಹೇಳಿದೆ."

"ಗೊತ್ತೈತಿ. ಕಡಿಯೋ ದಿನ ರಸ್ತಿ ಆ ಕಡಿ ನಿಂತಿದ್ದೆ."

"ಮತ್ತ ಯಾಕ ಕೇಳಿದ್ರಿ?"

"ಎಲ್ಲಾ ಕಾಣತೈತಿ ಅಂದ್ಯಲ್ಲ. ಕಂಡದ್ದು ಕಂಡಂಗ ಹೇಳತಿಯೋ ಇಲ್ಲೋ ಅಂತ ನೋಡಿದೆ."

ನನಗೆ ಎಷ್ಟು ಅಂಕ ಬಂತೆಂದು ಕೇಳುವ ಧೈರ್ಯವಾಗಲಿಲ್ಲ. "ಈಗ ಫೋಟೋದಾಗ ಏನೂ ಇಲ್ಲಲ್ರೀ," ಅಂದೆ.

"ಗಿಡ ಹೋತು, ಕಲ್ಲು ಹೋತು. ಅಕಿ ಎದ್ದು ಎಲ್ಲಿಗೆ ಹೋಗ್ತಾಳ? ಫೋಟೋ ಯಾವುದಾದ್ರೂ ಹಾಕ್ರವಾ. ಆ ಮೂಲಿ ಒಂದು ತಗೀಬ್ಯಾಡ್ರಿ."

ಆದರೆ ಯಜಮಾನರಿಗೆ ಬೋಳು ನೆಲದ ಚಿತ್ರ ತೆಗೆದುಹಾಕಿ ಗೇಟಿನ ಕಮಾನಿನ ಫೋಟೋ ಒಂದೇ ಇಟ್ಟರೆ ಸಾಕೆನಿಸಿತ್ತು. ನಾನು ಮೊದಲ ಬಾರಿಗೆ ಎದುರು ಮಾತಾಡಿದೆ. ನಮ್ಮ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುವುದು ಪೂರ್ತಿ ಲೇಔಟಿನ ಚಿತ್ರವನ್ನೇ ಎಂದು ಅಂಕಿ ತೋರಿಸಿದೆ. ಅದು ಸುಳ್ಳಲ್ಲ. ಯಾರು ನೋಡುತ್ತಾರೆ ಎಂದು ಅವರು ಕೇಳಲಿಲ್ಲ. "ನಂಬರ್ ಹೇಳತೈತಂದ್ರ ಇರಲಿ ಬಿಡು," ಅಂದರು.

ಆ ಕೆಲಸ ಬಿಟ್ಟು ಎರಡು ವರ್ಷವಾಯಿತು. ಇವತ್ತು ಅಮಾವಾಸ್ಯೆ. ಹನ್ನೊಂದೂವರೆಗೆ ನಾನೇ ಆ ಪುಟ ತೆರೆದೆ. ಚಿತ್ರ ಇನ್ನೂ ಇದೆ, ಇಪ್ಪತ್ತೇಳು ಇನ್ನೂ ಮಾರಾಟವಾಗಿಲ್ಲ. ಕೊಳ್ಳುವವರನ್ನು ಅವಸರಪಡಿಸಲು ಕೆಳಗೆ ಹೊಸದೊಂದು ಸಾಲು ಸೇರಿಸಿದ್ದಾರೆ: ಈಗ ನೋಡುತ್ತಿರುವವರು, ಇಬ್ಬರು. ನಾನು ಮೂಲೆಯನ್ನು ಹಿಗ್ಗಿಸಿ, ಬೆರಳು ತೆಗೆದು, ಸುಮ್ಮನಿದ್ದೆ. ಬಹಳ ಹೊತ್ತಿನ ಮೇಲೆ ಆ ಸಾಲು 'ಒಬ್ಬರು' ಎಂದಾಯಿತು. ನಾನೂ ಪುಟ ಮುಚ್ಚಬಹುದಿತ್ತು. ಅಲ್ಲಿ ಕೂತಾಕೆಯನ್ನು ಒಬ್ಬಳನ್ನೇ ಬಿಟ್ಟು ಏಳಲು ಮನಸ್ಸಾಗಲಿಲ್ಲ.