ಸುಳ್ಳು ಕೂಗಿದವನಿಗೂ ಓಗೊಟ್ಟವರು

ಹೋದ ವರ್ಷದ ಮಳೆಗಾಲದ ಮಾತಿದು. ಎಪ್ಪತ್ತು ತುಂಬುವುದಕ್ಕೆ ಇನ್ನೊಂದು ವರ್ಷವಿತ್ತು, ಆಗ ನಾನು ಮೊದಲ ಸಲ ನೆಟ್ ಕಂಟ್ರೋಲ್ ಆಗಿದ್ದೆ.

ಹಾಗೆಂದರೇನು ಎಂದು ಹೇಳಿಬಿಡುತ್ತೇನೆ. ನಮ್ಮದು ಹ್ಯಾಮ್ ರೇಡಿಯೋದವರ ಒಂದು ಸಣ್ಣ ಗುಂಪು. ಸರಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯಲ್ಲೇ ವೈರ್‌ಲೆಸ್ ಸೆಟ್ ಇಟ್ಟುಕೊಂಡು ಹವ್ಯಾಸಕ್ಕೆ ಮಾತಾಡುವವರು. ದಾವಣಗೆರೆ, ಹರಿಹರದ ಏಳೆಂಟು ಜನ ಭಾನುವಾರ ಬೆಳಗ್ಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುತ್ತೇವೆ. ಅದಕ್ಕೆ ನೆಟ್ ಎನ್ನುತ್ತಾರೆ. ಈಗ ನೀವು ಮಾತಾಡಿ, ಆಮೇಲೆ ಅವರು ಎಂದು ಹೇಳುವವರು ನೆಟ್ ಕಂಟ್ರೋಲ್. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಿಸುವವರ ಹಾಗೆ.

ಪಿ.ಜೆ. ಬಡಾವಣೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಮೈಕ್ ಹಿಡಿದು ಕೂತರೆ ನಮ್ಮ ಯಜಮಾನರು ಕಾಫಿ ಲೋಟ ತಂದಿಟ್ಟು, "ಏನೇ, ನಿನ್ನ ಆಕಾಶವಾಣಿ ಶುರು ಆತಾ?" ಎಂದು ಕೇಳಿಯೇ ಹೋಗುತ್ತಿದ್ದರು. ಹ್ಯಾಮ್‌ಗಳ ಭಾಷೆಯಲ್ಲಿ ಹೆಂಗಸರೆಲ್ಲ ಯಂಗ್ ಲೇಡಿಗಳೇ, ವಯಸ್ಸೆಷ್ಟಾದರೂ ಸರಿ. ಇದನ್ನು ಕೇಳಿ ಅವರು ನಕ್ಕಿದ್ದು ನಾಲ್ಕು ದಿನ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಮ್ಯಾನರ್ಸ್ ಎಂದರೆ ನಮ್ಮ ಸಿಸ್ಟರ್‌ಗಳಿಗೆ ಪ್ರಾಣ. ಅಲ್ಲಿಂದ ಇಷ್ಟು ವರ್ಷ ಕಳೆದ ಮೇಲೆ ಅಂಥದೇ ಒಂದು ಶಿಸ್ತು ಈ ರೇಡಿಯೋದಲ್ಲಿ ಸಿಕ್ಕಿ ನನಗೆ ಎಷ್ಟೋ ಹಿತವಾಗಿತ್ತು. ಒಬ್ಬರು ಮಾತಾಡುವಾಗ ಎಲ್ಲರೂ ಕೇಳುತ್ತಾರೆ. ಮುಗಿದಾಗ "ಓವರ್" ಎನ್ನುತ್ತಾರೆ. ಮುಂದಿನವರು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಶುರು ಮಾಡುತ್ತಾರೆ. ತೊಂದರೆಯಲ್ಲಿರುವವರು ಯಾರಾದರೂ ಇದ್ದರೆ ಆ ಸಂದಿನಲ್ಲಿ "ಬ್ರೇಕ್" ಎಂದು ಒಳಗೆ ಬರಲಿ ಅಂತ. ಇದನ್ನು ನನಗೆ ಕಲಿಸಿದವರು ಹರಿಹರದ ರುದ್ರಪ್ಪನವರು. ಹಾರ್ಡ್‌ವೇರ್ ಅಂಗಡಿ ಇಟ್ಟವರು, ನಮ್ಮಲ್ಲೆಲ್ಲ ಹಳಬರು. "ಆ ಖಾಲಿ ಜಾಗ ನಮ್ದಲ್ರೀ ಅಕ್ಕಾರೆ, ಯಾರಿಗ್ ಬೇಕಾಗ್ತೈತೋ, ಬಿಟ್‌ಬಿಡ್ರಿ" ಎನ್ನುತ್ತಿದ್ದರು.

ಆ ಮಳೆಗಾಲದಲ್ಲಿ ಆ ಜಾಗಕ್ಕೆ ಒಬ್ಬ ಬಂದು ಕೂತ. ಕಾಲ್‌ಸೈನ್ ಹೇಳುತ್ತಿರಲಿಲ್ಲ. ಅದು ನಮಗೆಲ್ಲ ಸರಕಾರ ಕೊಟ್ಟಿರುವ ಗುರುತು, ಹೇಳದೆ ಮಾತಾಡುವುದೇ ತಪ್ಪು. ಇವನು ಒಮ್ಮೆ ಸಿಳ್ಳೆ ಹಾಕುವನು, ಒಮ್ಮೆ ಸಿನಿಮಾ ಹಾಡು ಬಿಡುವನು. ನಾನು ಮಾತು ಶುರು ಮಾಡಿದರೆ, "ಅಜ್ಜಿ, ಒಲಿ ಮ್ಯಾಲೆ ಹಾಲು ಉಕ್ಕೈತೆ, ಹೋಗು" ಎನ್ನುವನು.

ಇಂಥವರಿಗೆ ಹ್ಯಾಮ್‌ಗಳಲ್ಲಿ ಒಂದೇ ಮದ್ದು. ಉತ್ತರ ಕೊಡಬಾರದು, ಬೈಯಬಾರದು, ಕೇಳಿಸಲೇ ಇಲ್ಲವೆಂಬಂತೆ ಮುಂದುವರಿಯಬೇಕು. ಬೈದರೆ ಅವರಿಗೆ ಹಬ್ಬ. ಹಾಗೇ ನಡೆಸಿದೆವು. ಆಗ ಅವನು ಬೇರೆ ದಾರಿ ಹಿಡಿದ. ಒಂದು ಭಾನುವಾರ, "ಬ್ರೇಕ್, ಹರಿಹರದ ಸೇತುವೆ ಹತ್ರ ಬೈಕ್ ಬಿದ್ದೈತೆ, ಇಬ್ರು ಬಿದ್ದಾರೆ, ಬರ್ರಿ" ಎಂದ. ರುದ್ರಪ್ಪನವರು ಜೋರು ಮಳೆಯಲ್ಲಿ ಸ್ಕೂಟರ್ ತೆಗೆದುಕೊಂಡು ಹೋದರು. ಅಲ್ಲಿ ಯಾರೂ ಇರಲಿಲ್ಲ. ಅವರು ವಾಪಸ್ ಬಂದು ಸೆಟ್ ಹಚ್ಚುವಷ್ಟರಲ್ಲಿ ಗಾಳಿಯಲ್ಲಿ ನಗು. "ತೋಯಿಸ್ಕಂಡ್ಯಾ ಯಜಮಾನ?"

ಅವರಿಗೆ ಮೂರು ದಿನ ಜ್ವರ ಬಂತು. ಮುಂದಿನ ನೆಟ್‌ನಲ್ಲಿ ತಮ್ಮ ಸರದಿ ಬಂದಾಗ ಹೊಳೆ ನೀರು ಎಷ್ಟು ಏರಿದೆ ಎಂದಷ್ಟೇ ಹೇಳಿ ಓವರ್ ಎಂದರು. ನನಗೇ ಅಳು ಬಂದಿತ್ತು.

ನಾನು ನೆಟ್ ಕಂಟ್ರೋಲ್ ಆದದ್ದು ಅದರ ಮಾರನೇ ಭಾನುವಾರ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಕೆ.ಬಿ. ಬಡಾವಣೆಯ ಮಂಜುನಾಥ ಮಾತಾಡಿ ಮುಗಿಸಿದ್ದ. ಅವನು ಕಟ್ಟಡ ಗುತ್ತಿಗೆದಾರ, ಸಿಟ್ಟು ಜಾಸ್ತಿ, ಮನಸ್ಸು ಒಳ್ಳೆಯದು. ಅವನು ಓವರ್ ಎಂದ ಮೇಲಿನ ಸಂದಿನಲ್ಲಿ ಒಂದು ದನಿ ಬಂತು.

"ಬ್ರೇಕ್. ಯಾರಾದ್ರೂ ಅದೀರಾ? ಕಾರು ಕಾಲ್ವಿಗೆ ಜಾರೈತೆ. ದೊಡ್ಡಬಾತಿ ದಾಟಿ ಒಳಗಿನ ದಾರಿ. ಕಾಲು ಸಿಕ್ಕಾಕ್ಕಂಡೈತೆ. ಫೋನ್ ಎಲ್ಲಿ ಬಿತ್ತೋ, ಕೈಗೆ ಮೈಕ್ ಒಂದೇ ಸಿಗ್ತೈತೆ."

ದನಿ ಅವನದೇ. ನಮಗೆಲ್ಲ ಗೊತ್ತಾಯಿತು.

ಮಂಜುನಾಥ ತಕ್ಷಣ, "ಮೇಡಂ, ಉತ್ತರ ಕೊಡಬ್ಯಾಡ್ರಿ. ಇವತ್ತು ಯಾರನ್ನ ತೋಯಿಸ್ಬೇಕಂತ ಐತೋ ಅವನಿಗೆ" ಎಂದ.

ಪುಂಡರಿಗೆ ಉತ್ತರ ಕೊಡಬಾರದೆನ್ನುವುದು ಒಂದು ನಿಯಮ. ಸಹಾಯಕ್ಕೆ ಕರೆದವರನ್ನು ಬಿಡಬಾರದೆನ್ನುವುದು ಇನ್ನೊಂದು. ಪುಂಡಾಟವೂ ಸಹಾಯದ ಕರೆಯೂ ಒಬ್ಬನ ಬಾಯಿಂದಲೇ ಬಂದರೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ಬೆರಳು ಮೈಕಿನ ಬಟನ್ ಮೇಲೇ ಇತ್ತು, ಒತ್ತುತ್ತಿರಲಿಲ್ಲ.

ಅಷ್ಟರಲ್ಲಿ ರುದ್ರಪ್ಪನವರು, "ಅಕ್ಕಾರೆ, ನೀವು ಅವನ್ನ ಮಾತಾಡಿಸ್ತಾ ಇರ್ರಿ. ನಾನು ಹೊಂಟೆ" ಎಂದರು.

"ಅಣ್ಣಾರೆ, ಹೋದ ಸಲದ್ದು ಮರ್ತ್ರಾ?" ಎಂದ ಮಂಜುನಾಥ.

"ಹೋದ ಸಲದ್ದು ಸುಳ್ಳು ಅಂತ ಹೋಗಿ ನೋಡಿದ್ ಮ್ಯಾಲೇ ಗೊತ್ತಾಗಿದ್ದು. ಇದನ್ನೂ ಹೋಗೇ ನೋಡ್ಬೇಕಲ್ಲಪ."

ಮಂಜುನಾಥ, "ಸರಿ, ಆಂಬುಲೆನ್ಸ್‌ಗೆ ನಾನು ಫೋನ್ ಹಚ್ತೀನಿ" ಎಂದ.

ನಾನು ಬಟನ್ ಒತ್ತಿ ಅವನ ಹೆಸರು ಕೇಳಿದೆ.

"ಪ್ರವೀಣ" ಎಂದವನು, "ಓವರ್ ಅನ್ಬೇಕಾ?" ಎಂದು ಕೇಳಿದ. ಅಂಥ ಹೊತ್ತಿನಲ್ಲೂ ನಾನು ಟೀಚರ್ ಥರ, "ಅಂದ್ರೆ ಒಳ್ಳೇದಪ್ಪ" ಎಂದೆ.

ಕಾರಿನೊಳಗೆ ನೀರು ಬರುತ್ತಿದೆ, ಪಾದ ಮುಳುಗಿದೆ ಎಂದ. ಸುತ್ತ ಏನು ಕಾಣುತ್ತದೆ ಎಂದು ಕೇಳಿದೆ. ಭತ್ತದ ಗದ್ದೆ, ಎಡಕ್ಕೆ ಮುರಿದ ಪಂಪ್‌ಹೌಸ್, ಅದಕ್ಕೆ ನೀಲಿ ಬಾಗಿಲು. ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಒಳಗೆ ಬಂದು, "ಅದು ಮೇನ್ ಕಾಲ್ವೆ ಅಲ್ಲ, ಉಪಕಾಲ್ವೆ. ರುದ್ರಪ್ಪ ಹೆದ್ದಾರಿ ಬಿಟ್ಟು ಬಲಕ್ಕೆ ಇಳೀಬೇಕು, ಹೇಳು ಬೇಗ" ಎಂದರು. ರುದ್ರಪ್ಪನವರ ಹತ್ತಿರ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಇತ್ತು. ಹೇಳಿದೆ. ಮಂಜುನಾಥನೂ ಅದನ್ನೇ ಆಂಬುಲೆನ್ಸಿನವರಿಗೆ ತಿಳಿಸಿದ.

ಪ್ರವೀಣನ ಮಾತು ತೊದಲತೊಡಗಿತು. ನಿದ್ದೆ ಬರ್ತೈತೆ ಎನ್ನುತ್ತಿದ್ದ. ನಾನು ಸುಮ್ಮನಾದರೆ ಅವನೂ ಸುಮ್ಮನಾಗುತ್ತಾನೆಂದು ಹೆದರಿ ಬಾಯಿಗೆ ಬಂದದ್ದೆಲ್ಲ ಕೇಳಿದೆ. ತಿಂಡಿ ಏನಾಯಿತು, ಮನೆಯಲ್ಲಿ ಯಾರಿದ್ದಾರೆ, ಅಮ್ಮನ ಹೆಸರೇನು. ಆಗ ಉಳಿದವರು ನಡೆದುಕೊಂಡ ರೀತಿ ನನಗೆ ಮರೆಯಲಾಗದು. ಇವನಿಂದ ತಿಂಗಳುಗಟ್ಟಲೆ ಕುಹಕದ ಮಾತು ಕೇಳಿಸಿಕೊಂಡವರು ಅವರು. ಎಲ್ಲರ ಸೆಟ್ಟುಗಳೂ ಆನ್ ಇದ್ದವು, ಎಲ್ಲರೂ ಕೇಳುತ್ತಿದ್ದರು. ಒಬ್ಬರಾದರೂ ನಡುವೆ ಬಟನ್ ಒತ್ತಿ "ಈಗ ಗೊತ್ತಾತಾ ಮಗನೇ" ಎನ್ನಲಿಲ್ಲ. ಇಡೀ ಫ್ರೀಕ್ವೆನ್ಸಿಯನ್ನು ಅವನ ಕ್ಷೀಣ ದನಿಗೆ ಬಿಟ್ಟುಕೊಟ್ಟು ಕೂತರು.

ಕೊನೆಗೆ ಅವನದೇ ಮೈಕ್‌ನಲ್ಲಿ, ದೂರದಿಂದೆಂಬಂತೆ, ರುದ್ರಪ್ಪನವರ ದನಿ ಕೇಳಿಸಿತು. "ಮೈಕ್ ಬಿಡಪ. ಕೈ ಕೊಡು."

ಮುಂದೆ ಏನೂ ಇಲ್ಲ. ನಾನು ಮತ್ತು ಯಜಮಾನರು ಸೆಟ್ಟನ್ನೇ ನೋಡುತ್ತ ಕೂತೆವು. ಕಾಫಿ ಆರಿ ಕೆನೆಗಟ್ಟಿತ್ತು. ಬಹಳ ಹೊತ್ತಾದ ಮೇಲೆ ಸೆಟ್ಟಿನಲ್ಲಿ ರುದ್ರಪ್ಪನವರ ಏದುಸಿರಿನ ದನಿ ಬಂತು. "ಗದ್ದೆ ಕೆಲಸದವರು ನಾಕು ಮಂದಿ ಕೈ ಹಚ್ಚಿದ್ರು. ಸೀಟು ಹಿಂದಕ್ಕೆ ದಬ್ಬಿ ತಗದ್ವಿ. ಕಾಲು ಮುರದೈತೆ, ಜೀವಕ್ಕೇನಿಲ್ಲ. ಆಂಬುಲೆನ್ಸ್ ಬಂತು. ನೆಟ್ ಮುಂದುವರಿಸ್ರಿ ಅಕ್ಕಾರೆ. ಓವರ್." ನಾನು ಮೈಕ್ ಕೆಳಗಿಟ್ಟುಬಿಟ್ಟೆ. ಮಂಜುನಾಥನೇ ನೆಟ್ ಮುಗಿಸಿದ.

ಆ ವಾರ ನಾವಿಬ್ಬರೂ ಆಸ್ಪತ್ರೆಗೆ ಹೋದಾಗ ರುದ್ರಪ್ಪನವರು ಆಗಲೇ ಅಲ್ಲಿದ್ದು ಮೋಸಂಬಿ ಸುಲಿಯುತ್ತಿದ್ದರು. ಪ್ರವೀಣ ಮೂವತ್ತರ ಒಳಗಿನವನು. ಲೈಸೆನ್ಸ್ ಇದ್ದವನೇ. ನಮ್ಮನ್ನು ನೋಡಿ ಮುಖ ತಗ್ಗಿಸಿದ. "ಯಜಮಾನ್ರೆ, ಆವತ್ತು ಸೇತುವೆ ಹತ್ರ..." ಎಂದು ಶುರು ಮಾಡಿದ.

"ಕಾರಿಗೆ ಯಾವ ಆಂಟೆನಾ ಹಾಕಿದ್ಯಪ? ಅಂಥ ತಗ್ಗಿನಾಗೂ ಚೊಲೋ ಕೇಳ್ತಿತ್ತು" ಎಂದರು ರುದ್ರಪ್ಪನವರು, ಒಂದು ತೊಳೆ ಅವನ ಕೈಗಿಡುತ್ತ. ಅವನು ಅಳುತ್ತಲೇ ಆಂಟೆನಾದ ವಿಷಯ ಹೇಳಿದ.

ಈಗ ಪ್ರವೀಣ ಪ್ರತಿ ಭಾನುವಾರ ತನ್ನ ಕಾಲ್‌ಸೈನ್ ಹೇಳಿ ನೆಟ್‌ಗೆ ಬರುತ್ತಾನೆ. ಹಳೆಯದನ್ನು ಯಾರೂ ಒಮ್ಮೆಯೂ ಎತ್ತಿಲ್ಲ, ಮಂಜುನಾಥ ಕೂಡ. ನಮ್ಮ ನೆಂಟರಿಷ್ಟರಲ್ಲಿ ಯಾವುದೋ ಕಾಲದ ಮಾತನ್ನು ಇವತ್ತಿಗೂ ಊಟದೆಲೆಯ ಮುಂದೆ ಎತ್ತಿ ಆಡುವವರನ್ನು ಕಂಡಾಗಲೆಲ್ಲ ನನಗೆ ಈ ಏಳೆಂಟು ಜನ ನೆನಪಾಗುತ್ತಾರೆ.

ಮೊನ್ನೆ ಹರಿಹರಕ್ಕೆ ಹೋದಾಗ ರುದ್ರಪ್ಪನವರ ಅಂಗಡಿಗೆ ಹೋಗಿದ್ದೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ. "ಆವತ್ತು ಕಾಲುವೆ ಕಡೆ ಹೊರಟಾಗ ನಿಮಗೆ ಸಿಟ್ಟೇ ಬರಲಿಲ್ವಾ?"

ಅವರು ಮೊಳೆ ತೂಗುತ್ತಿದ್ದರು. "ಯಾಕ ಬರಲ್ರೀ ಅಕ್ಕಾರೆ? ದಾರಿ ತುಂಬಾ ಅವನ್ನ ಬೈಕಂತನೇ ಹೋದೆ" ಎಂದರು.

ಅಷ್ಟು ಬೈಯುತ್ತಲೂ ಸ್ಕೂಟರ್ ತಿರುಗಿಸದೆ ಹೋದರಲ್ಲ. ನಾನಾಗಿದ್ದರೆ ಎರಡನೇ ಸಲ ಮಳೆಗೆ ಇಳಿಯುತ್ತಿದ್ದೆನೇ ಎಂದು ಆಗಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಆನೆಸ್ಟ್ ಆಗಿ ಹೇಳಬೇಕೆಂದರೆ, ಹೌದು ಎನ್ನುವ ಧೈರ್ಯ ಇನ್ನೂ ಬಂದಿಲ್ಲ.