ಬೇಕೆಂದೇ ಕೆಡಿಸಿದ ಕೆಲಸ

ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವವರಿಗೆ ನಮ್ಮ ಕಾಲೇಜಿನಲ್ಲಿ ನಾನೂರರ ಮೇಲಿನ ರೋಲ್ ನಂಬರ್ ಕೊಡುತ್ತಿದ್ದರು. ಪಿಯುಸಿ ಮಾಡಿ ಮೊದಲ ವರ್ಷದಿಂದ ಓದಿದವರು ಒಂದು, ಎರಡು, ಮೂರು. ನಾವು ನಾನೂರೊಂದು, ನಾನೂರೆರಡು. ಹಾಜರಿ ಕರೆಯುವಾಗ ಅವರದೆಲ್ಲ ಮುಗಿದ ಮೇಲೆ ಮೇಷ್ಟ್ರು ಒಮ್ಮೆ ಉಸಿರು ಎಳೆದುಕೊಂಡು ನಾನೂರೊಂದಕ್ಕೆ ಹಾರುತ್ತಿದ್ದರು. ಐಡಿ ಕಾರ್ಡನ್ನು ನಂಬರ್ ಇರುವ ಬದಿ ಒಳಗಾಗುವಂತೆ ತಿರುಗಿಸಿ ಹಾಕಿಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೇನೂ ಇರಲಿಲ್ಲ. ನಾಚಿಕೆಪಡಬೇಕಾದದ್ದನ್ನು ಆಮೇಲೆ ನಾನೇ ಕೈಯಾರೆ ಮಾಡಿಕೊಂಡೆ.

ಸುಳ್ಳು ನನಗೆ ಕಾಲೇಜಿನಲ್ಲಿ ಹತ್ತಿದ ರೋಗವಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ಅಂಚಿನಲ್ಲಿ ಪಾಸಾದಾಗ, ಹೊಸಕೆರೆಹಳ್ಳಿಯ ನಮ್ಮ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಪಿಯುಸಿ ಸೈನ್ಸ್ ನನ್ನ ಕೈಲಾಗುವುದಿಲ್ಲ ಎಂದು ಅಪ್ಪ ಪಾಲಿಟೆಕ್ನಿಕ್‌ಗೆ ಸೇರಿಸಿದರು, ಮೆಕ್ಯಾನಿಕಲ್. ಅದೇ ತಿಂಗಳು ಜಯನಗರದಲ್ಲಿ ನೆಂಟರ ಮನೆ ಗೃಹಪ್ರವೇಶ. ಮಗಳು ಏನು ಓದುತ್ತಿದ್ದಾಳೆ ಎಂದು ಯಾರೋ ಕೇಳಿದ್ದಕ್ಕೆ ಅಮ್ಮ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಸೈನ್ಸ್ ಎಂದು ಹೇಳಿದರು. ನಾನು ಪಕ್ಕದಲ್ಲೇ ಕೂತು ಎಲೆ ನೋಡುತ್ತಿದ್ದೆ. ಅಮ್ಮನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಡಿಪ್ಲೊಮಾ ಎಂಬ ಮಾತನ್ನು ಮೆಲ್ಲಗೆ ನುಂಗಿಕೊಳ್ಳಬೇಕು ಎಂದು ನಾನು ಅಲ್ಲೇ ಕಲಿತೆ, ಅಷ್ಟೆ.

ಆದರೆ ಪಾಲಿಟೆಕ್ನಿಕ್‌ನ ಮೂರು ವರ್ಷ ನಾನು ಸುಖವಾಗಿದ್ದೆ. ತರಗತಿಯಲ್ಲಿ ನಾವು ಇಬ್ಬರೇ ಹುಡುಗಿಯರು. ಇನ್ನೊಬ್ಬಳು ಗದಗದ ಕಡೆಯವಳು. ಬಿಟಿಎಂ ಲೇಔಟ್‌ನಲ್ಲಿ ಒಂದು ರೂಮು ಬಾಡಿಗೆ ಹಿಡಿದಿದ್ದ ಅಕ್ಕನ ಜೊತೆ ಇದ್ದಳು. ಅಕ್ಕ ಆಫೀಸಿಗೆ ಹೋಗುವ ಮುಂಚೆ ಮಾಡಿಟ್ಟ ರೊಟ್ಟಿ, ಶೇಂಗಾ ಚಟ್ನಿ ಅವಳ ಡಬ್ಬಿಯಲ್ಲಿರುತ್ತಿತ್ತು. ಅದರಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು. ಅವಳ ಕೈ ಬಹಳ ಚೆನ್ನಾಗಿತ್ತು. ಲೇತ್ ಎಂಬ ಕಡೆಯುವ ಯಂತ್ರದ ಮುಂದೆ ನಿಂತಳೆಂದರೆ ಕಬ್ಬಿಣದ ಸರಳು ಬೆಣ್ಣೆಯ ಹಾಗೆ ಸುಲಿದು ಬರುತ್ತಿತ್ತು. ನನ್ನದೂ ಕೆಟ್ಟ ಕೈಯಲ್ಲ. ಅವಳಿಗಿಂತ ನಿಧಾನ, ಆದರೆ ಅಳತೆ ತಪ್ಪುತ್ತಿರಲಿಲ್ಲ.

ಅಲ್ಲಿ ವರ್ಕ್‌ಶಾಪ್ ಕಲಿಸುತ್ತಿದ್ದವರು ಕಾರ್ಖಾನೆಯಿಂದ ನಿವೃತ್ತರಾಗಿ ಬಂದ ಒಬ್ಬ ಹಿರಿಯರು. ಅವರದು ಒಂದೇ ಹಟ. ಜಾಬ್, ಅಂದರೆ ನಾವು ಕಡೆದ ತುಂಡು, ಎಷ್ಟೇ ಚೆನ್ನಾಗಿ ಬಂದಿರಲಿ, ಅದನ್ನು ಮಷಿನ್‌ನಿಂದ ಬಿಚ್ಚುವ ಮೊದಲು ಅದರ ಚೂಪು ಅಂಚುಗಳಿಗೆಲ್ಲ ಅರದಿಂದ ಒಂದು ಸಣ್ಣ ಸವರು ಕೊಡಲೇಬೇಕು. ಅಂಚು ಮುರಿಯುವುದು ಎನ್ನುತ್ತಿದ್ದರು. ಅದಕ್ಕೆ ಅಂಕವಿಲ್ಲ, ಡ್ರಾಯಿಂಗ್‌ನಲ್ಲಿ ಅದು ಇರುವುದೂ ಇಲ್ಲ. ಆದರೆ ಮುರಿಯದೆ ತಂದರೆ ವಾಪಸ್ಸು ಕಳಿಸುತ್ತಿದ್ದರು. "ನೀನು ಮಾಡಿದ್ದನ್ನ ನಾಳೆ ಇನ್ಯಾರೋ ಕೈಗೆತ್ಕೊಳ್ತಾರಮ್ಮ. ಅವರ ಕೈ ಕುಯ್ಬಾರ್ದು," ಎನ್ನುತ್ತಿದ್ದರು. ಮೂರು ವರ್ಷದಲ್ಲಿ ಅದು ನಮ್ಮಿಬ್ಬರಿಗೂ ಕಣ್ಣು ಮಿಟುಕಿಸುವಷ್ಟು ಸಹಜವಾಯಿತು.

ಡಿಪ್ಲೊಮಾ ಮುಗಿಯಿತು, ಪ್ರವೇಶ ಪರೀಕ್ಷೆ ಬರೆದೆವು, ಇಬ್ಬರಿಗೂ ಒಂದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೊದಲ ದಿನದ ಬೆಳಗ್ಗೆ ಬನಶಂಕರಿ ಬಸ್ ನಿಲ್ದಾಣದಲ್ಲಿ ಅವಳನ್ನು ಪಕ್ಕಕ್ಕೆ ಕರೆದು ನಾನು ಒಂದು ಮಾತು ಕೇಳಿದೆ. ನಾವಿಬ್ಬರೂ ಒಟ್ಟಿಗೆ ಪಾಲಿಟೆಕ್ನಿಕ್ ಓದಿದ್ದು ಯಾರಿಗೂ ಗೊತ್ತಾಗುವುದು ಬೇಡ ಎಂದೆ. ಬೇರೆ ಊರಿನ ಇಂಜಿನಿಯರಿಂಗ್ ಕಾಲೇಜಿನಿಂದ ವರ್ಗಾವಣೆ ಮಾಡಿಸಿಕೊಂಡು ಬಂದೆ ಎಂದು ಹೇಳಿಕೊಳ್ಳುತ್ತೇನೆ, ಹಾಗೆ ಬಂದವರಿಗೂ ನಾನೂರರ ನಂಬರೇ ಕೊಡುತ್ತಾರೆ ಎಂದರೆ ಯಾರು ಹುಡುಕಲು ಹೋಗುತ್ತಾರೆ ಎಂದೆ. ಇದನ್ನೆಲ್ಲ ಹಿಂದಿನ ರಾತ್ರಿಯೇ ಯೋಚಿಸಿಟ್ಟುಕೊಂಡಿದ್ದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

"ಆತು ಬಿಡು. ನಾ ಯಾರ ಮುಂದೂ ಹೇಳಂಗಿಲ್ಲ," ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಅವಳು ಮಾತ್ರ ಯಾವುದನ್ನೂ ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ ಡಿಪ್ಲೊಮಾ ಎಂದು ಗಂಟಲೆತ್ತಿ ಹೇಳಿದಳು. ನಮ್ಮ ವಿಭಾಗದಲ್ಲಿ ಮೊದಲಿನಿಂದ ಓದುತ್ತಿದ್ದ ಹುಡುಗಿಯರು ಮೂವರು. ಮೂವರೂ ಜೆಪಿ ನಗರ, ಜಯನಗರದವರು, ಒಳ್ಳೆಯ ಹುಡುಗಿಯರೇ. ಅವರು ನಾನೂರರವರನ್ನು ಆಡಿಕೊಳ್ಳುತ್ತಿದ್ದದ್ದು ನಿಜ, ಆದರೆ ಅದರಲ್ಲಿ ವಿಷವಿರಲಿಲ್ಲ. ವಿಷವೆಲ್ಲ ನನ್ನ ತಲೆಯಲ್ಲೇ ಇತ್ತು. ನಾನು ಅವರ ಜೊತೆ ಸೇರಿಕೊಂಡೆ, ಅವರು ನಕ್ಕಾಗ ಅವರಿಗಿಂತ ಜೋರಾಗಿ ನಕ್ಕೆ. ಡಿಪ್ಲೊಮಾದಿಂದ ಬಂದವರಿಗೆಂದೇ ಸಂಜೆ ಬೇರೆ ಗಣಿತದ ತರಗತಿ ಇರುತ್ತಿತ್ತು. ಅದಕ್ಕೆ ಹೋಗುವ ದಿನ ಹಲ್ಲಿನ ಡಾಕ್ಟರ್ ಹತ್ತಿರ ಹೋಗಬೇಕು ಎನ್ನುತ್ತಿದ್ದೆ. ವಾರಕ್ಕೆ ಎರಡು ಸಲ ಡಾಕ್ಟರ್ ಹತ್ತಿರ ಹೋಗುವವಳ ಬಾಯಲ್ಲಿ ಅಷ್ಟೊಂದು ಹಲ್ಲು ಹೇಗೆ ಉಳಿದಿವೆ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಪೇಚಿಗೆ ಸಿಕ್ಕಿಕೊಂಡದ್ದು ವರ್ಕ್‌ಶಾಪ್‌ನಲ್ಲಿ. ನಾವು ಐವರು ಹುಡುಗಿಯರೂ ಒಂದೇ ಬ್ಯಾಚು. ಸೆಮಿಸ್ಟರ್ ಮುಗಿಯುವುದರೊಳಗೆ ಒಬ್ಬೊಬ್ಬರೂ ಲೇತ್ ಮೇಲೆ ಒಂದು ಜಾಬ್ ಮಾಡಿ ಒಪ್ಪಿಸಬೇಕು. ಆ ಮೂವರಿಗೆ ಅದು ಹೊಸದು. ಸರಳು ತಿರುಗುವುದನ್ನು ನೋಡಿದರೇ ಹಿಂದೆ ಸರಿಯುತ್ತಿದ್ದರು. ನಾನೂ ಅವರ ಜೊತೆ ಹಿಂದೆ ಸರಿದೆ. ಮೂರು ವರ್ಷ ಲೇತ್ ಓಡಿಸಿದವಳು ಅಯ್ಯೋ ಎಂದು ದುಪಟ್ಟಾ ಸರಿಮಾಡಿಕೊಂಡೆ. ನನ್ನ ಗೆಳತಿ ಆಚೆ ಮಷಿನ್‌ನಿಂದ ಇದನ್ನು ನೋಡಿ ತಲೆ ತಗ್ಗಿಸಿದಳು.

ಒಪ್ಪಿಸುವ ದಿನ ಹತ್ತಿರವಾದಂತೆ ಮೂವರಿಗೂ ಹೆದರಿಕೆ ಶುರುವಾಯಿತು. ಆಗ ನಾನು ದೊಡ್ಡ ಮನುಷ್ಯರ ಹಾಗೆ ಮಧ್ಯಸ್ಥಿಕೆ ವಹಿಸಿ, ಎಲ್ಲರದನ್ನೂ ಮಾಡಿಕೊಡಲು ಆ ಡಿಪ್ಲೊಮಾದವಳನ್ನು ನಾನು ಒಪ್ಪಿಸುತ್ತೇನೆ ಎಂದೆ. ಬಸ್ಸಿನಲ್ಲಿ ಅವಳನ್ನು ಕೇಳಿದೆ. ಅವರ ಮೂರು, ಜೊತೆಗೆ ನನ್ನದೊಂದು. ನಿನಗೆ ಬರುವುದಿಲ್ಲವೇ ಎಂದು ಅವಳು ಕೇಳಿದಳು. ನಾನೇ ಚೆನ್ನಾಗಿ ಮಾಡಿಬಿಟ್ಟರೆ ಎಲ್ಲಿ ಕಲಿತೆ ಎಂದು ಕೇಳುತ್ತಾರಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ಒಂದು ವಾರ ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ವರ್ಕ್‌ಶಾಪ್‌ನಲ್ಲಿ ನಿಂತು, ಐದು ಜಾಬ್ ಮುಗಿಸಿದಳು.

ವರ್ಕ್‌ಶಾಪ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಮಾತು ಕಡಿಮೆಯ ಮನುಷ್ಯ. ಐದು ಜಾಬ್‌ಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದರ ಅಂಚಿನ ಮೇಲೂ ಬೆರಳು ಆಡಿಸಿದರು. ಉಳಿದ ಹುಡುಗರ ರಾಶಿಯಿಂದ ಒಂದು ತೆಗೆದುಕೊಂಡು ಅದರ ಮೇಲೂ ಆಡಿಸಿದರು. ಅದು ಚೂಪಾಗಿತ್ತು. ನಮ್ಮ ಐದರಲ್ಲಿ ಒಂದೂ ಚೂಪಾಗಿರಲಿಲ್ಲ. ಅಂಚು ಮುರಿಯುವುದನ್ನು ತಾವು ಈ ತರಗತಿಗೆ ಹೇಳಿಕೊಟ್ಟೇ ಇಲ್ಲ, ಐದೂ ಒಂದೇ ಕಡೆ ಕಲಿತ ಕೈಯವು ಎಂದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ನಾನು ಆ ಮೂವರ ಹಿಂದಕ್ಕೆ ಸರಿದುಕೊಂಡೆ.

ಮೇಷ್ಟ್ರು ಲೆಕ್ಕ ಸ್ಪಷ್ಟವಾಗಿಯೇ ಹೇಳಿದರು. ಕೆಲಸ ಗೊತ್ತಿದ್ದವರು ಇಬ್ಬರು ಸೇರಿ ಉಳಿದವರಿಗೆ ತೋರಿಸಿಕೊಡುತ್ತಾ ಮಾಡಿದ್ದರೆ ಅದು ಕಲಿಕೆ. ಎಲ್ಲರೂ ಇನ್ನೊಂದು ಸಲ ಮಾಡಿ ಒಪ್ಪಿಸಿದರೆ ಸಾಕು. ಒಬ್ಬಳೇ ಕೂತು ಎಲ್ಲರಿಗೂ ಮಾಡಿಕೊಟ್ಟಿದ್ದರೆ ಅವಳಿಗೆ ಲ್ಯಾಬ್ ಅಂಕ ಸೊನ್ನೆ, ಪರೀಕ್ಷೆಗೆ ಕೂರುವಂತಿಲ್ಲ, ಮುಂದಿನ ವರ್ಷ ಕಿರಿಯರ ಜೊತೆ ಬಂದು ಮಾಡಬೇಕು. ಮಾಡಿಸಿಕೊಂಡವರು ಹೊಸದಾಗಿ ಮಾಡಿ ಒಪ್ಪಿಸಬೇಕು. ಆಮೇಲೆ ಐದು ಜನರಿಗೂ ಒಂದೊಂದು ಸರಳು ಕೊಟ್ಟು, ಈಗಲೇ ತಮ್ಮ ಮುಂದೆ ಅದರ ಮುಖ, ಅಂದರೆ ತುದಿ, ಮಟ್ಟ ಮಾಡಿ ತೋರಿಸಿ ಎಂದರು. ಲೇತ್ ಕೆಲಸದಲ್ಲಿ ಅದು ಅ ಆ ಇ ಈ.

ಇಷ್ಟು ಸಾಕಿತ್ತು. ನಾನು ನನ್ನ ಕೆಲಸವನ್ನು ನೆಟ್ಟಗೆ ಮಾಡಿದ್ದರೆ ಗೊತ್ತಿರುವವರು ಇಬ್ಬರು ಎಂದು ಆಗುತ್ತಿತ್ತು, ಅವಳ ವರ್ಷ ಉಳಿಯುತ್ತಿತ್ತು. ಹೆಚ್ಚೆಂದರೆ ಪಕ್ಕದ ಮೂವರು ಹುಡುಗಿಯರಿಗೆ ನಾನೂ ಡಿಪ್ಲೊಮಾದವಳು ಎಂದು ಗೊತ್ತಾಗುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಎಂದಾದರೂ ಗೊತ್ತಾಗುವುದೇ ಅದು. ಅದನ್ನು ಇನ್ನೊಂದಿಷ್ಟು ದಿನ ತಳ್ಳಲಿಕ್ಕೆ ನಾನು ಆ ಕೆಲಸ ಮಾಡಿದೆ.

ಲೇತ್‌ನಲ್ಲಿ ಕಬ್ಬಿಣ ಸುಲಿಯುವ ಟೂಲ್‌ನ ಮೊನೆ ಸರಳಿನ ನಡುಮಧ್ಯಕ್ಕೆ ಸರಿಯಾಗಿ ಇರಬೇಕು. ಅದಕ್ಕೆಂದು ಟೂಲ್‌ನ ಕೆಳಗೆ ತೆಳ್ಳನೆಯ ತಗಡಿನ ಚೂರುಗಳನ್ನು ಇಟ್ಟು ಎತ್ತರ ಹೊಂದಿಸುತ್ತಾರೆ. ನನ್ನ ಮಷಿನ್‌ನಲ್ಲಿ ಅದಾಗಲೇ ಸರಿಯಾಗಿ ಹೊಂದಿತ್ತು. ನಾನು ಬಿಗಿದ ಬೋಲ್ಟ್ ಸಡಿಲಿಸಿ, ಒಂದು ತಗಡಿನ ಚೂರನ್ನು ಎಳೆದು ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡೆ. ಮೊನೆ ಕೆಳಗಾಯಿತು. ಮಷಿನ್ ಓಡಿಸಿದೆ. ಸರಳಿನ ಮುಖ ಗೀರುಗೀರಾಗಿ, ಮಧ್ಯದಲ್ಲಿ ಒಂದು ಮೊಳೆಯಂಥ ಗುಬುಟು ಉಳಿಯಿತು. ಏನೂ ತಿಳಿಯದವಳು ಮಾಡಿದ ಹಾಗೇ ಇತ್ತು. ತಲೆ ಎತ್ತಿದೆ. ಎದುರಿನ ಮಷಿನ್‌ನಿಂದ ನನ್ನ ಗೆಳತಿ ನನ್ನ ಜೇಬನ್ನೇ ನೋಡುತ್ತಿದ್ದಳು.

ಮೇಷ್ಟ್ರು ಒಂದೊಂದೇ ತುಂಡು ಎತ್ತಿ ನೋಡುತ್ತಾ ಬಂದರು. ಆ ಮೂವರದು ಕೆಟ್ಟಿತ್ತು. ಗೆಳತಿಯದು ಕನ್ನಡಿಯಂತಿತ್ತು. ನನ್ನದನ್ನು ಎತ್ತಿ ಮುಖದ ಗೀರು ನೋಡಿದರು, ಗುಬುಟು ನೋಡಿದರು, ಕೆಳಗಿಡಲು ಹೋದವರು ನಿಂತರು. ಬೆರಳನ್ನು ಮೆಲ್ಲಗೆ ಅಂಚಿನ ಸುತ್ತ ಆಡಿಸಿದರು. ಆಗ ನನಗೂ ಕಂಡಿತು. ಬಿಚ್ಚುವ ಮೊದಲು ನಾನು ಅರ ತೆಗೆದುಕೊಂಡು ಅಂಚು ಮುರಿದಿದ್ದೆ. ಯಾವಾಗ ಮುರಿದೆನೋ ನನಗೇ ನೆನಪಿಲ್ಲ. ಕೆಡಿಸಲು ಹೊರಟವಳು ನಾನು, ಕೈ ಮಾತ್ರ ತನ್ನ ಪಾಡಿಗೆ ಕಲಿತದ್ದನ್ನು ಮಾಡಿಬಿಟ್ಟಿತ್ತು.

ಅವರು ನನ್ನ ಮುಖ ನೋಡಿದರು. "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದರು. ಎಲ್ಲರನ್ನೂ ಕೇಳಿದಂತಿತ್ತು, ಆದರೆ ನೋಡುತ್ತಿದ್ದದ್ದು ನನ್ನನ್ನೇ. ನಾನು ನನ್ನ ಬೂಟಿನ ಲೇಸು ನೋಡುತ್ತಾ ನಿಂತೆ.

"ನಾನ ಮಾಡೀನ್ರಿ ಸರ್. ಐದೂ ನಾನ ಮಾಡೀನಿ," ಎಂದಳು ಅವಳು.

ಅವತ್ತು ಸಂಜೆ ಬಸ್ಸಿನಲ್ಲಿ ಅವಳ ಪಕ್ಕ ಹೋಗಿ ಕೂತೆ. ಕ್ಷಮೆ ಕೇಳಬೇಕೆಂದಿದ್ದೆ, ಬಾಯಿಂದ ಬಂದದ್ದು ಮಾತ್ರ ಬರೀ ಸಮಜಾಯಿಷಿ. ಮನೆಯಲ್ಲಿ ಹೀಗೆ, ನೆಂಟರು ಹೀಗೆ, ನಿನಗೆ ಅರ್ಥವಾಗುವುದಿಲ್ಲ ಎಂದೆಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಪೂರ್ತಿ ಕೇಳಿಸಿಕೊಂಡಳು. ನನ್ನ ನಿಲ್ದಾಣ ಬರುವ ಹೊತ್ತಿಗೆ ತಿರುಗಿದಳು.

"ನೀ ಸುಳ್ಳು ಹೇಳಿದ್ದಕ್ಕ ನನಗ ಬ್ಯಾಸರಿಲ್ಲ. ಕೆಲಸಾ ಬರ್ತಿದ್ರೂ ಬೇಕಂತ ಕೆಡಿಸಿದೆಲ್ಲಾ, ಅದನ್ನ ನೋಡಾಕ ಆಗಲಿಲ್ಲ," ಎಂದಳು.

ಮರುದಿನದಿಂದ ಅವಳು ಬೇರೆ ಬಸ್ಸು ಹಿಡಿದಳು. ಮುಂದಿನ ವರ್ಷ ಪಾಲಿಟೆಕ್ನಿಕ್ ಕಾಲದ ಅದೇ ನೀಲಿ ಏಪ್ರನ್ ಹಾಕಿಕೊಂಡು ಕಿರಿಯರ ಸಾಲಿನಲ್ಲಿ ನಿಂತು ಮತ್ತೆ ಅದೇ ಲ್ಯಾಬ್ ಮಾಡಿದಳು. ಆ ಕಾರಿಡಾರ್‌ನಲ್ಲಿ ಹೋಗಬೇಕಾದಾಗ ನಾನು ಕ್ಯಾಂಟೀನ್ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ನನ್ನ ಗುಟ್ಟು ಐದನೇ ಸೆಮಿಸ್ಟರ್‌ನಲ್ಲಿ ಒಂದು ಅಂಕಪಟ್ಟಿಯಿಂದ ತಾನಾಗಿಯೇ ಹೊರಬಿತ್ತು. ಮೂವರು ಗೆಳತಿಯರೂ ಓ ಹೌದಾ ಎಂದರು, ಆಮೇಲೆ ಮಸಾಲೆ ಪುರಿ ತಿನ್ನಲು ಹೋದೆವು. ಅಷ್ಟಕ್ಕೇ ನಾನು ಅವಳ ಒಂದು ವರ್ಷ ತೆತ್ತಿದ್ದು.

ಕೊನೆಯ ವರ್ಷದಲ್ಲಿ, ಯಾವ ಬಾಕಿಯೂ ಇಲ್ಲ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಲ್ಯಾಬ್ ಮೇಷ್ಟ್ರ ಹತ್ತಿರ ಹೋಗಲೇಬೇಕಾಯಿತು. ಅವರು ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದರು. "ಆವತ್ತು ನಾನು ಕಾದೆ ಕಣಮ್ಮ. ನೀನು ಹೇಳ್ತೀಯ ಅಂದ್ಕೊಂಡೆ," ಎಂದರು. ಬೈದಿದ್ದರೆ ವಾಸಿಯಾಗಿತ್ತು.

ಈಗ ನಾನು ಜೆಪಿ ನಗರದ ಒಂದು ಆಫೀಸಿನಲ್ಲಿ ಯಂತ್ರಭಾಗಗಳ ವಿನ್ಯಾಸ ಮಾಡುತ್ತೇನೆ. ಇಲ್ಲಿ ಡಿಪ್ಲೊಮಾ ಓದಿದವಳು ಎಂದರೆ ಮರ್ಯಾದೆ. ಕೈ ಕೆಲಸ ಬಲ್ಲವಳು ಎಂದು ಮೆಚ್ಚುತ್ತಾರೆ. ಹಾಗಾಗಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುತ್ತೇನೆ. ಹೇಳಿದರೆ ಲಾಭವಿರುವಾಗ ನಿಜ ಹೇಳುವುದು ಎಷ್ಟು ಸುಲಭ.

ಹೋದ ತಿಂಗಳು ಬನಶಂಕರಿಯಲ್ಲಿ ಮೆಟ್ರೊ ಹತ್ತಿದಾಗ ಅವಳು ಕಂಡಳು. ಜೊತೆಗೆ ಅವಳ ಆಫೀಸಿನ ಒಬ್ಬ ಹೆಂಗಸು ಇದ್ದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವಳು ನಕ್ಕಳು, ಚೆನ್ನಾಗಿದ್ದೀಯಾ ಎಂದು ಕೇಳಿದಳು. ಇವರು ಯಾರು ಎಂದು ಆ ಹೆಂಗಸು ಕೇಳಿದರು. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು, ಬಸ್ ನಿಲ್ದಾಣದಲ್ಲಿ ಮೊದಲ ದಿನ ನೋಡಿದ್ದಳಲ್ಲ, ಹಾಗೆ.

"ಇವರು ನಮ್ಮ ಇಂಜಿನಿಯರಿಂಗ್ ಕಾಲೇಜಿನ್ಯಾಗ ಇದ್ರು. ಬ್ಯಾರೆ ಊರಿನ ಕಾಲೇಜಿಂದ ಬಂದಿದ್ರು," ಎಂದಳು.

ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಕೊಟ್ಟ ಮಾತನ್ನು ಅವಳು ಇನ್ನೂ ಹಾಗೇ ಇಟ್ಟುಕೊಂಡಿದ್ದಳು. ಇಲ್ಲ, ನಾವು ಮೂರು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ಎಂದು ನಾನು ಹೇಳಬೇಕಿತ್ತು. ಆ ಹೆಂಗಸು ನನ್ನ ಕಡೆ ನೋಡಿ ಹೌದಾ ಎಂದರು. ನಾನು ಹೌದು ಎಂದು ತಲೆಯಾಡಿಸಿದೆ. ಜಯನಗರ ಬಂತು, ಅವರಿಬ್ಬರೂ ಇಳಿದುಹೋದರು.